ಕಾಣದ ಮೇಸ್ತ್ರಿಗಳು

"ಗುರುಗಳೇ, ನನಗಿಂತ ಚೆನ್ನಾಗಿ ಕೆಲಸ ಹಂಚಬಲ್ಲವರು ಸಿಕ್ಕಿದರೆ, ಎಲ್ಲವನ್ನೂ ಅವರ ಕೈಗೆ ಒಪ್ಪಿಸಿ ನಾನು ದೂರ ಕೂತರೆ ತಪ್ಪೇನು?"

ಹೀಗೆ ಕೇಳಿದವನು ಚನ್ನವೀರ. ಊದುಬತ್ತಿ ಕಾರ್ಖಾನೆಯ ಒಡೆಯ. ಹುಣ್ಣಿಮೆಗೊಮ್ಮೆ ಮಠಕ್ಕೆ ಬಂದು ಗುರುಗಳ ಮುಂದೆ ಕೂರುವುದು ಅವನ ರೂಢಿ. ಅವನು ಹೇಳಿದ ಕೆಲಸ ಹಂಚುವವರು ಮನುಷ್ಯರಲ್ಲ. ಕಂಪ್ಯೂಟರಿನೊಳಗಿನ ಏಜೆಂಟುಗಳು. ಯಾವ ದಿನ ಯಾವ ಬತ್ತಿ ಎಷ್ಟಾಗಬೇಕು, ಯಾರು ಹೊಸೆಯಬೇಕು, ಯಾರು ಒಣಗಿಸಬೇಕು, ಎಲ್ಲವನ್ನೂ ತಮ್ಮತಮ್ಮಲ್ಲೇ ಮಾತಾಡಿಕೊಂಡು ತೀರ್ಮಾನಿಸುತ್ತವೆ. ಯಾರನ್ನೂ ಕೇಳುವುದಿಲ್ಲ, ಯಾರಿಗೂ ಕಾಯುವುದಿಲ್ಲ. ಬರುವ ವಾರ ಅವನ್ನು ತರಿಸುವುದೆಂದು ಚನ್ನವೀರ ಆಗಲೇ ಮಾತು ಮುಗಿಸಿದ್ದ. ಆಶೀರ್ವಾದ ಬೇಕಾಗಿ ಬಂದವರು ಎಷ್ಟೋ ಸಲ ಅದನ್ನು ಪ್ರಶ್ನೆಯಾಗಿಯೇ ಕೇಳುತ್ತಾರೆ. ಗುರುಗಳಿಗೆ ಅದು ತಿಳಿಯದ್ದಲ್ಲ. ಹತ್ತಿರ ಬಂದು ಕೂರುವಂತೆ ಕೈಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಗಾಜಿನ ಬಳೆ ಮಾಡುವ ಕಾರ್ಖಾನೆಯಿತ್ತು. ಅದರ ಯಜಮಾನ ಬಳೆಗಾರರ ಮನೆಯಲ್ಲೇ ಹುಟ್ಟಿದವನು. ಅವನ ಅಜ್ಜ ಬಳೆಯ ಮಲಾರ ಹೆಗಲಿಗೆ ಹಾಕಿ ಊರೂರು ತಿರುಗಿದವನು, ಅಪ್ಪ ಕುಲುಮೆ ಹಾಕಿದವನು. ಇವನು ಅದನ್ನು ದೊಡ್ಡದು ಮಾಡಿದ. ಕೆಲಸದ ಹೆಣ್ಣುಮಕ್ಕಳು ಸಾಲಾಗಿ ಕೂತು, ಕತ್ತರಿಸಿದ ಗಾಜಿನ ಸುರುಳಿಯ ಎರಡು ತುದಿಯನ್ನು ಸಣ್ಣ ಬೆಂಕಿಯ ಮೇಲೆ ಹಿಡಿದು ಬೆಸೆಯುತ್ತಿದ್ದರು. ಬೆಸೆದ ಬಳೆ ನಿಧಾನವಾಗಿ ಆರಬೇಕು. ಅವಸರ ಮಾಡಿದರೆ ಗಾಜು ಕೇಳುವುದಿಲ್ಲ.

ಯಜಮಾನ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳುತ್ತೇನೆ. ಕತೆಯಲ್ಲಿ ಯಜಮಾನ ಬಂದ ಕೂಡಲೇ ಅವನೇ ಕಟುಕ ಎಂದು ತೀರ್ಮಾನಿಸಿ ಹಾಯಾಗಿ ಕೂತುಬಿಡುತ್ತೇವೆ. ಈತ ಹಬ್ಬಕ್ಕೆ ಎಲ್ಲರಿಗೂ ಬಟ್ಟೆ ಕೊಡುತ್ತಿದ್ದ, ಯಾರ ಮನೆಯಲ್ಲಿ ಸಾವಾದರೂ ಹೋಗಿ ನಿಲ್ಲುತ್ತಿದ್ದ. ಆದರೆ ಕೆಲಸ ಹಂಚುವ ತಲೆನೋವು ಅವನನ್ನು ಹಣ್ಣು ಮಾಡಿತ್ತು. ಕೆಲಸ ಹಂಚುತ್ತಿದ್ದ ಮೇಸ್ತ್ರಿಗೆ ವಯಸ್ಸಾಗಿತ್ತು. ಅವನು ಕೂಗಾಡುತ್ತಿದ್ದ, ತನಗೆ ಬೇಕಾದವರಿಗೆ ಹಗುರ ಕೆಲಸ ಕೊಡುತ್ತಿದ್ದ, ಹಸಿರು ಬಳೆ ಬೇಕಾದ ದಿನ ಕೆಂಪು ಗಾಜು ಕರಗಿಸಿ ಕೂರುತ್ತಿದ್ದ. ದಿನವೂ ಜಗಳ, ದಿನವೂ ಪಂಚಾಯಿತಿ.

ಒಂದು ಯುಗಾದಿಗೆ ಯಜಮಾನ ಏಜೆಂಟುಗಳನ್ನು ತರಿಸಿದ. ಮೂರು ತರಿಸಿದ. ಒಂದು ಕುಲುಮೆ ನೋಡಿಕೊಳ್ಳುವುದು, ಒಂದು ಕೆಲಸ ಹಂಚುವುದು, ಇನ್ನೊಂದು ಮುಂದೆ ಎಷ್ಟು ಬಳೆ ಬೇಕಾದೀತೆಂದು ಲೆಕ್ಕ ಹಾಕುವುದು. ಮೇಸ್ತ್ರಿಗೆ ಹಾರ ಹಾಕಿ, ಶಾಲು ಹೊದಿಸಿ, ಕಾರಿನಲ್ಲಿ ಮನೆಗೆ ಕಳಿಸಿದ. ಹೆಣ್ಣುಮಕ್ಕಳಿಗೆ ಓದು ಬರದಿದ್ದರೂ ತೊಂದರೆಯಿರಲಿಲ್ಲ. ಒಬ್ಬೊಬ್ಬರ ಮುಂದೆಯೂ ಮಾತಾಡುವ ಸಣ್ಣ ಪೆಟ್ಟಿಗೆಯೊಂದನ್ನು ಇಟ್ಟಿದ್ದರು. ಬೆಳಿಗ್ಗೆ ಅದು ಆ ದಿನದ ಕೆಲಸ ಹೇಳುವುದು. ಸಂಜೆ ಕೆಲಸ ಹೇಗಾಯಿತೆಂದು ಕೇಳುವುದು. ಇವರು ಬಾಯಲ್ಲೇ ಉತ್ತರ ಕೊಡಬೇಕು. ಅಚ್ಚ ಕನ್ನಡ, ಬಹುವಚನ, ಒಂದು ದಿನವೂ ಗದರಿದ್ದಿಲ್ಲ. ಹೆಣ್ಣುಮಕ್ಕಳು ಅವಕ್ಕೆ ಕಾಣದ ಮೇಸ್ತ್ರಿಗಳು ಎಂದು ಹೆಸರಿಟ್ಟರು.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಕಾಣದ ಮೇಸ್ತ್ರಿಗಳು ಬಂದ ಮೇಲೆ ಕಾರ್ಖಾನೆ ಹಸನಾಯಿತು. ಕೂಗಾಟ ನಿಂತಿತು. ಬಸುರಿ ಹೆಂಗಸಿಗೆ ಬೆಂಕಿಯಿಂದ ದೂರದ ಜಾಗ ಸಿಕ್ಕಿತು. ಹಸಿರು ಬೇಕಾದಾಗ ಹಸಿರೇ ಕರಗಿತು. ಯಜಮಾನ ಮೊದಮೊದಲು ದಿನವೂ ಕೆಳಗಿಳಿದು ಸಾಲುಸಾಲು ನೋಡುತ್ತಿದ್ದ. ಆಮೇಲೆ ಮಹಡಿಯ ಕಿಟಕಿಯಿಂದ ನೋಡಿದ. ಆಮೇಲೆ ಮನೆಯಲ್ಲೇ ಉಳಿದ. ಮನೆಯ ಹಿಂದೆ ಬದನೆ, ಹೀರೆ ಹಾಕಿದ. ಬೆಳಿಗ್ಗೆ ವಾಕಿಂಗ್ ಶುರುಮಾಡಿದ. ಬಿ.ಪಿ. ಇಳಿಯಿತೆಂದು ಡಾಕ್ಟರು ಬೆನ್ನು ತಟ್ಟಿದರು. ಸಂಜೆ ಕಾಫಿಯ ಹೊತ್ತಿಗೆ ಅವನ ಫೋನು ಮಾತಾಡುತ್ತಿತ್ತು. ಕಾರ್ಖಾನೆಯಲ್ಲಿ ಆ ದಿನ ಏನಾಯಿತೆಂದು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತಿತ್ತು.

ಆಷಾಢ ಬಂತು. ಆಷಾಢದಲ್ಲಿ ಮದುವೆಯಿಲ್ಲ, ಬಳೆ ಕೊಳ್ಳುವವರಿಲ್ಲ. ಆದರೆ ಶ್ರಾವಣ ಹುಟ್ಟಿದರೆ ಹಬ್ಬದ ಮೇಲೆ ಹಬ್ಬ, ಬಾಗಿನದ ಮೇಲೆ ಬಾಗಿನ. ಆದ್ದರಿಂದ ಬಳೆ ಕಾರ್ಖಾನೆಯವರು ಆಷಾಢವೆಲ್ಲ ಮಾಡಿ ಮಾಡಿ ಉಗ್ರಾಣದಲ್ಲಿ ಇಡುತ್ತಾರೆ, ಶ್ರಾವಣಕ್ಕೆ ಬಾಗಿಲು ತೆಗೆಯುತ್ತಾರೆ, ಎಣಿಸುವುದೂ ಆಗಲೇ.

ಬಾಗಿಲ ಪಕ್ಕದ ಜಾಗದಲ್ಲಿ ದ್ಯಾವಮ್ಮ ಎಂಬ ಹೆಂಗಸು ಕೂರುತ್ತಿದ್ದಳು. ಯಜಮಾನನ ಅಪ್ಪನ ಕಾಲದಿಂದಲೂ ಅಲ್ಲಿಯೇ ಇದ್ದವಳು. ಮಾತು ಕಡಿಮೆ. ಕೈ ಚುರುಕು. ಗಂಡನಿಲ್ಲ, ಮಕ್ಕಳಿಲ್ಲ. ಇನ್ನೊಬ್ಬರ ಮನೆಯ ಅನ್ನ ಮುಟ್ಟದೆ ಬದುಕುತ್ತೇನೆಂಬುದು ಅವಳ ಹಟ. ಅದಕ್ಕೆ ಅವಳಿಗಿದ್ದದ್ದು ಎರಡು ಕೈ.

ಆ ಆಷಾಢದಲ್ಲಿ ಯಜಮಾನನ ಫೋನು ಒಂದು ಸಂಜೆ, ದ್ಯಾವಮ್ಮನವರ ಕಡೆ ಬಳೆ ಹೆಚ್ಚಿವೆ ಎಂದಿತು. ಯಜಮಾನ ಕಾಫಿ ಕುಡಿದ. ಮರುದಿನವೂ ಬಳೆ ಹೆಚ್ಚಿವೆ ಎಂದಿತು. ಅವನು ಹೆಂಡತಿಗೆ ಹೇಳಿದ: ನೋಡು, ಆ ಮೇಸ್ತ್ರಿಯ ಕೈಕೆಳಗೆ ಇಷ್ಟು ದಿನ ಎಂಥ ಕೆಲಸಗಾತಿ ಸುಮ್ಮನೆ ಮೂಲೆಯಲ್ಲಿದ್ದಳು. ಹೆಂಡತಿ ಹೀರೆಕಾಯಿ ಹೆರೆಯುತ್ತ ಹೂಂ ಎಂದಳು.

ಕಾಣದ ಮೇಸ್ತ್ರಿಗಳು ಸುಮ್ಮನೆ ಕೂರಲಿಲ್ಲ. ಒಬ್ಬಳ ಕಡೆ ಬಳೆ ಹೆಚ್ಚುತ್ತಿವೆ ಎಂದ ಮೇಲೆ ಅವಳಿಗೇ ಹೆಚ್ಚು ಕೆಲಸ ಕೊಡುವುದು ನ್ಯಾಯ. ಮೂರೂ ಕೂಡಿ ಮಾತಾಡಿಕೊಂಡು ಅವಳ ಮುಂದೆ ಇನ್ನೊಂದು ತಟ್ಟೆ ಸುರುಳಿ ಇಡಿಸಿದವು. ಆ ಸಂಜೆ ಬಳೆ ಇನ್ನೂ ಹೆಚ್ಚಿದವು. ಇನ್ನೂ ಒಂದು ತಟ್ಟೆ ಬಂತು. ಅಷ್ಟನ್ನೂ ಮುಗಿಸಬೇಕಲ್ಲ, ಹಾಗಾಗಿ ಕುಲುಮೆಯ ಮೇಸ್ತ್ರಿ ಅವಳ ಮುಂದಿನ ಬೆಂಕಿಯನ್ನು ಒಂದಿಷ್ಟು ಏರಿಸಿತು. ಬಳೆ ಮತ್ತೂ ಹೆಚ್ಚಿದವು. ಪಕ್ಕದವರ ತಟ್ಟೆಗಳೂ ಒಂದೊಂದಾಗಿ ದ್ಯಾವಮ್ಮನ ಕಡೆ ಸರಿದವು. ಅವರಿಗೆ ಬಿಡುವಾಯಿತು. ಅವರು ಕೈಕಟ್ಟಿ ಕೂತು ಅವಳನ್ನು ನೋಡಿದರು. ನೋಡಲಾರದೆ ಮುಖ ತಿರುಗಿಸಿದರು. ಆದರೆ ಯಾರೂ ಬಾಯಿಬಿಡಲಿಲ್ಲ.

ಆಷಾಢ ಮುಗಿಯುವ ದಿನ ಯಜಮಾನನಿಗೆ ಮನಸ್ಸು ತುಂಬಿ ಬಂತು. ಇಂಥ ಕೆಲಸಗಾತಿಗೆ ಮರ್ಯಾದೆ ಮಾಡದಿದ್ದರೆ ನಾನೆಂಥ ಯಜಮಾನ ಎಂದುಕೊಂಡ. ತಾನೇ ಅಂಗಡಿಗೆ ಹೋಗಿ ಒಳ್ಳೆಯ ಇಳಕಲ್ ಸೀರೆ ಆರಿಸಿದ. ತಟ್ಟೆಯಲ್ಲಿ ಸೀರೆ, ಹಣ್ಣು, ಹೂವು ಇಟ್ಟುಕೊಂಡು ಕೆಲಸ ಬಿಡುವ ಹೊತ್ತಿಗೆ ಕಾರ್ಖಾನೆಗೆ ಬಂದ. ಎಷ್ಟೋ ವಾರಗಳ ಮೇಲೆ ಅವನು ಆ ಬಾಗಿಲು ದಾಟಿದ್ದು.

ಅವನನ್ನು ಕಂಡ ಕೂಡಲೇ ಹೆಣ್ಣುಮಕ್ಕಳೆಲ್ಲ ಎದ್ದು ಗೋಡೆಗೆ ಸರಿದರು. ಯಾರೂ ನಗಲಿಲ್ಲ. ಭಯಭಕ್ತಿ ಎಂದು ಅವನು ತಿಳಿದ. ದ್ಯಾವಮ್ಮ ಮಾತ್ರ ಬೆಂಕಿಯ ಮುಂದೆ ಕೂತೇ ಇದ್ದಳು, ಅವಳ ತಟ್ಟೆ ಇನ್ನೂ ಮುಗಿದಿರಲಿಲ್ಲ. ಅವನು ಹತ್ತಿರ ಹೋಗಿ, ನಿನ್ನ ಕೆಲಸ ನೋಡಿ ಸಂತೋಷವಾಗಿದೆ, ತಗೋ ಎಂದು ಸೀರೆ ಚಾಚಿದ. ಅವಳು ಅವನ ಮುಖ ನೋಡಿದಳು. ಏನೂ ಅರ್ಥವಾಗದವಳಂತೆ ನೋಡಿದಳು. ಕೊಟ್ಟದ್ದನ್ನು ಬೇಡವೆನ್ನಬಾರದೆಂದು ಎರಡೂ ಕೈ ಒಡ್ಡಿದಳು.

ಸೀರೆ ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಅವಳು ಹಿಡಿಯಲಿಲ್ಲವೆಂದಲ್ಲ. ಹಿಡಿಯಲಾಗಲಿಲ್ಲ. ಬೆರಳು ಮಡಚುತ್ತಿರಲಿಲ್ಲ. ತುದಿಗಳು ಕರಿಕಟ್ಟಿದ್ದವು, ಅಲ್ಲಲ್ಲಿ ಚರ್ಮ ಸುಲಿದು ಬಿಳಿಚಿಕೊಂಡಿತ್ತು. ಬೆಂಕಿ ತಾಕಿದ್ದು ತಿಳಿಯದಷ್ಟು ಸತ್ತುಹೋಗಿದ್ದ ಬೆರಳುಗಳು ಅವು. ಯಜಮಾನ ಬಗ್ಗಿ ನೋಡಿದ. ಇದೇನೆಂದು ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳ ಮುಂದಿದ್ದ ಪೆಟ್ಟಿಗೆ, ದಿನದಂತೆ, ಮೆಲ್ಲಗೆ ಮಾತಾಡಿತು. ದ್ಯಾವಮ್ಮನವರೇ, ಇವತ್ತಿನ ಕೆಲಸ ಹೇಗಾಯಿತು ಎಂದು ಕೇಳಿತು.

ಅವಳು ತಲೆ ತಗ್ಗಿಸಿ ತಪ್ಪೊಪ್ಪಿಕೊಳ್ಳುವವಳಂತೆ ಉತ್ತರ ಕೊಟ್ಟಳು.

"ಇವತ್ತೂ ಹೆಚ್ಚಿದವು ಕಣಪ್ಪ. ಅರ್ಧಕ್ಕರ್ಧ ಹೆಚ್ಚಿದವು."

"ಬಹಳ ಸಂತೋಷ," ಎಂದಿತು ಪೆಟ್ಟಿಗೆ. "ನಾಳೆಯಿಂದ ಇನ್ನೊಂದು ತಟ್ಟೆ ಕಳಿಸುತ್ತೇವೆ."

ಅವಳು ಆಗಲಿ ಎಂದು ತಲೆಯಾಡಿಸಿದಳು.

ಯಜಮಾನ ಅವಳ ಬೆನ್ನ ಹಿಂದೆ ನೋಡಿದ. ಗೋಡೆಯುದ್ದಕ್ಕೂ ಗೋಣಿಚೀಲಗಳಿದ್ದವು. ಒಂದರ ಬಾಯಿ ಬಿಚ್ಚಿದ. ಬಳೆಯ ಚೂರು. ಇನ್ನೊಂದನ್ನು ಬಿಚ್ಚಿದ. ಚೂರು. ಎಲ್ಲದರಲ್ಲೂ ಕೆಂಪು, ಹಸಿರು, ಹಳದಿ ಚೂರು. ಉಗ್ರಾಣಕ್ಕೆ ಓಡಿ ಬೀಗ ತೆಗೆಸಿದ. ಅಲ್ಲಿ, ಹೆಚ್ಚಿವೆ ಎಂಬ ಲೆಕ್ಕದಲ್ಲಿ ಅವಳ ಬಳೆಗೆಂದು ಮೀಸಲಿಟ್ಟಿದ್ದ ಹಲಗೆಗಳು ಮುಕ್ಕಾಲು ಬರಿದಾಗಿದ್ದವು.

ಮಗು, ನಿನಗೆ ಗೊತ್ತಿರುವ ಮಾತನ್ನೇ ಹೇಳುತ್ತೇನೆ. ನಮ್ಮ ಹೆಣ್ಣುಮಕ್ಕಳು ಬಳೆ ಒಡೆಯಿತು ಎನ್ನುವುದಿಲ್ಲ. ಬಳೆ ಒಡೆಯುವುದು ಗಂಡ ಸತ್ತ ದಿನ. ಆ ಮಾತು ಬಾಯಲ್ಲಿ ಬರಬಾರದು. ಕೈತಪ್ಪಿ ಬಿದ್ದು ಚೂರಾದರೂ ಹೆಚ್ಚಿತು ಎನ್ನುತ್ತಾರೆ. ತಾಳಿಯ ದಾರ ಹರಿದರೂ ಹೆಚ್ಚಿತು ಎನ್ನುತ್ತಾರೆ. ಬಳೆ ಮಾಡುವ ಜಾಗದಲ್ಲಂತೂ ಆ ಕೆಟ್ಟ ಮಾತಿಗೆ ಹೊಸ್ತಿಲೊಳಗೆ ಜಾಗವೇ ಇಲ್ಲ. ಗಂಡನನ್ನು ಕಳೆದುಕೊಂಡ ದ್ಯಾವಮ್ಮ ಇನ್ನೊಬ್ಬರು ತೊಡುವ ಬಳೆಗೆ ಆ ಮಾತು ತಾಕದಂತೆ ಮತ್ತೂ ಜೋಪಾನ ಮಾಡುತ್ತಿದ್ದಳು.

ಆಷಾಢದ ಗಾಳಿ ಬಾಗಿಲಿಂದ ನುಗ್ಗಿ, ಬೆಸೆದ ಬಿಸಿ ಬಳೆಗೆ ತಾಕಿ, ಮೊದಲ ದಿನ ಒಂದಿಷ್ಟು ಬಳೆ ಟಿಕ್ಕೆಂದು ಸೀಳಿದ್ದವು. ಅವಳು ಹೆಚ್ಚಿದವು ಎಂದಳು. ಹಿಂದೆಲ್ಲ ಅಷ್ಟು ಹೇಳಿದರೆ ಸಾಕಿತ್ತು. ಆ ಮುದಿ ಮೇಸ್ತ್ರಿ ಗೊಣಗುತ್ತ ಬಂದು ಅವಳನ್ನು ಒಳಗಿನ ಸಾಲಿಗೆ ಎಬ್ಬಿಸುತ್ತಿದ್ದ, ಎರಡು ದಿನ ತಟ್ಟೆ ಕಡಿಮೆ ಮಾಡುತ್ತಿದ್ದ. ಈ ಸಲ ಅವಳು ಹೇಳಿದ್ದಕ್ಕೆ ಇನ್ನೊಂದು ತಟ್ಟೆ ಬಂತು. ತಟ್ಟೆ ಹೆಚ್ಚಾದಂತೆ ಅವಸರ ಹೆಚ್ಚಿತು. ಅವಸರಕ್ಕೆ ಬಳೆ ಸೀಳಿದವು, ಬೆರಳು ಸುಟ್ಟವು. ಸುಟ್ಟ ಬೆರಳಿಗೆ ಹಿಡಿತ ತಪ್ಪಿ ಮತ್ತಷ್ಟು ಬಳೆ ಸೀಳಿದವು. ಒಂದು ಸಂಜೆಯೂ ಅವಳು ಸುಳ್ಳು ಹೇಳಲಿಲ್ಲ. ಹೇಳಿದ್ದನ್ನು ಕಾಣದ ಮೇಸ್ತ್ರಿಗಳೂ ತಿರುಚಲಿಲ್ಲ. ಅವಳ ಮಾತನ್ನು ಅಕ್ಷರ ಬಿಡದೆ ಯಜಮಾನನಿಗೆ ಮುಟ್ಟಿಸಿದ್ದವು.

ಅವನು ಅದನ್ನು ಇಡೀ ಆಷಾಢ ಕೇಳಿದ್ದ. ಕೇಳಿ ಕಾಫಿ ಕುಡಿದಿದ್ದ. ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ಒಮ್ಮೆ ಅಜ್ಜನ ಮಲಾರ ಬೀಳಿಸಿ, ಅಮ್ಮಾ ಬಳೆ ಒಡೆದುಹೋಯಿತು ಎಂದು ಕೂಗಿದ್ದಕ್ಕೆ, ತಾಯಿ ಓಡಿಬಂದು ಅವನ ಬಾಯಿ ಮುಚ್ಚಿದ್ದಳು. ಹೆಚ್ಚಿತು ಅನ್ನು ಕಂದ, ಹೆಚ್ಚಿತು ಅನ್ನು ಎಂದು ಹೇಳಿಕೊಟ್ಟಿದ್ದಳು. ಉಗ್ರಾಣದ ಬಾಗಿಲಲ್ಲಿ ನಿಂತವನಿಗೆ ಆ ಕೈ ಮತ್ತೆ ಬಾಯ ಮೇಲೆ ಬಂದಂತಾಯಿತು. ಹಾಗೇ ಬಂದು ದ್ಯಾವಮ್ಮನ ಎದುರು ನೆಲದ ಮೇಲೆ ಕೂತ.

"ನನಗೆ ಯಾಕೆ ಹೇಳಲಿಲ್ಲ, ತಾಯಿ?" ಎಂದ.

"ದಿನಾ ಹೇಳ್ತಿದ್ನಲ್ಲ ಯಜಮಾನ್ರೇ," ಎಂದಳು ಅವಳು. "ಹೇಳಿದಷ್ಟೂ ಜಾಸ್ತಿ ಹಾಕಿದ್ರಿ. ನಾನು ಹಾಳುಮಾಡಿದ್ದಕ್ಕೆ ನಿಮಗೆ ಸಿಟ್ಟು ಬಂದದೆ ಅಂದ್ಕೊಂಡೆ. ತಪ್ಪು ನಂದೇ ತಾನೆ. ನಿಮ್ಮ ಸಿಟ್ಟು ಇಳಿಯೋಗಂಟ ಮಾಡಾನ ಅಂತ ಮಾಡ್ತಾ ಇದ್ದೆ."

ಗೋಡೆಗೆ ನಿಂತಿದ್ದ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡರು. ಅವರೂ ಹಾಗೆಂದೇ ತಿಳಿದಿದ್ದರು. ಯಜಮಾನ ಅವಳ ಮೇಲೆ ಹಗೆ ಸಾಧಿಸುತ್ತಿದ್ದಾನೆ, ನಡುವೆ ಬಾಯಿ ಹಾಕಿದರೆ ತಟ್ಟೆ ತಮ್ಮ ಮುಂದೆ ಬರುತ್ತದೆ ಎಂದು ಹೆದರಿದ್ದರು. ಕಾರ್ಖಾನೆಯೆಲ್ಲ ಅದನ್ನು ಶಿಕ್ಷೆ ಎಂದು ನೋಡುತ್ತಿತ್ತು. ಸೀರೆ ಹಿಡಿದು ಬಂದವನೊಬ್ಬನೇ ಅದನ್ನು ಬಹುಮಾನ ಎಂದುಕೊಂಡಿದ್ದ.

ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಗಾಯ ಮಾಯಿತು. ಬೆರಳಿಗೆ ಜೀವ ಬರಲಿಲ್ಲ. ಯಜಮಾನ ಅವಳ ಊಟ, ಬಟ್ಟೆ, ಮನೆ ಎಲ್ಲ ನೋಡಿಕೊಂಡ, ಬದುಕಿರುವ ತನಕ ನೋಡಿಕೊಂಡ. ಇನ್ನೊಬ್ಬರ ಮನೆಯ ಅನ್ನ ಮುಟ್ಟುವುದಿಲ್ಲ ಎಂದಿದ್ದವಳು ಇನ್ನೊಬ್ಬರ ಕೈಯಿಂದ ತುತ್ತು ತಿಂದಳು. ಆ ಕಾಣದ ಮೇಸ್ತ್ರಿಗಳನ್ನು ಅವನು ತೆಗೆದುಹಾಕಿದನೋ ಇಟ್ಟುಕೊಂಡನೋ, ಅದು ನನಗೆ ತಿಳಿಯದು, ಕತೆಗೂ ಬೇಡ.

ಗುರುಗಳು ಕತೆ ಮುಗಿಸಿದರು.

ತನ್ನ ಕಾರ್ಖಾನೆಯಲ್ಲಿ ಬತ್ತಿ ಹೊಸೆಯುವ ಕೈಗಳು ಚನ್ನವೀರನ ಕಣ್ಣಮುಂದೆ ಬಂದವು. ಆ ಕೈಗಳ ಹೆಸರೂ ಅವನಿಗೆ ಎಲ್ಲ ಗೊತ್ತಿರಲಿಲ್ಲ. ಮನುಷ್ಯನ ಮನಸ್ಸು ಹಾಗೆಯೇ, ಪೆಟ್ಟು ಬಿದ್ದಾಗ ಮೊದಲು ತನಗೊಂದು ಗುರಾಣಿ ಹುಡುಕುತ್ತದೆ. ಅವನಿಗೂ ಒಂದು ಸಿಕ್ಕಿತು.

"ಯಂತ್ರಕ್ಕೆ ಆ ಮಾತು ತಿಳಿಯದು, ಅದನ್ನು ಬಿಡಿ ಗುರುಗಳೇ," ಎಂದ. "ಆ ಯಜಮಾನನಿಗೆ ಏನಾಗಿತ್ತು? ನಮ್ಮದು ಬಳೆಗಾರರ ಮನೆಯೂ ಅಲ್ಲ. ಆದರೂ ನಮ್ಮಮ್ಮ ಒಂದು ದಿನವೂ ಬಳೆ ಒಡೆಯಿತು ಅಂದವರಲ್ಲ, ಹೆಚ್ಚಿತು ಅಂತಲೇ ಹೇಳುತ್ತಿದ್ದರು. ನಾನಾಗಿದ್ದರೆ ಆ ಮಾತು ಕಿವಿಗೆ ಬಿದ್ದ ಮೊದಲ ಸಲವೇ ಎದ್ದು ಓಡುತ್ತಿದ್ದೆ."

ಗುರುಗಳು ಅವನನ್ನೇ ನೋಡಿದರು.

"ನಾನು ಆ ಮಾತು ಮೊದಲ ಸಲ ಹೇಳಿದಾಗ ನೀನು ಕೂತೇ ಇದ್ದೆಯಲ್ಲ, ಮಗು."